ನೀರ ಹನಿಯೊಳಗಿನ ಚಿತ್ರಶಾಲೆ

ಬೆಟಗೇರಿಯ ನೇಕಾರರ ಓಣಿಗಳಲ್ಲಿ ನೂಲಿಗೆ ಬಣ್ಣ ಕೊಡುವುದನ್ನು ಕಂಡವರಿಗೆ ಒಂದು ನೋಟ ಚಿರಪರಿಚಿತ. ತಿಳಿನೀರಿಗೆ ಬಣ್ಣದ ತೊಟ್ಟೊಂದು ಬಿದ್ದೊಡನೆ ಅದು ಎಳೆಎಳೆಯಾಗಿ ಬಿಚ್ಚಿಕೊಂಡು, ಸುರುಳಿ ಸುತ್ತಿ, ಮೋಡದಂತೆ ಹರಡಿ ಕರಗಿಹೋಗುತ್ತದೆ. ಕೆಲಸದ ಅವಸರದಲ್ಲಿ ನಾವು ಅದನ್ನು ನೋಡಿಯೂ ನೋಡದಂತಿರುತ್ತೇವೆ. ಆ ಕ್ಷಣವನ್ನು ಸೂಕ್ಷ್ಮದರ್ಶಕದಿಂದ ಹಿಗ್ಗಿಸಿ ಚಲಿಸುವ ಚಿತ್ರವಾಗಿ ತೋರಿಸುವ ಕಲೆಯೊಂದು ಇಂದು ಬೆಳೆದು ನಿಂತಿದೆ. ಅದರಲ್ಲಿ ಕಥೆಯಿಲ್ಲ, ಪಾತ್ರಗಳಿಲ್ಲ. ದ್ರವದ ಚಲನೆಯೇ ಅದರ ವಸ್ತು.

ಇದರ ಬೇರು ಹಳೆಯದು. 1674ರಲ್ಲಿ ಕೆರೆಯ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಮೊದಲಿಗೆ ಕಂಡ ಹಾಲೆಂಡಿನ ಲೀವೆನ್‌ಹುಕ್ ವೃತ್ತಿಯಿಂದ ಬಟ್ಟೆ ವ್ಯಾಪಾರಿ. ಫ್ರಾನ್ಸಿನ ವೈದ್ಯ ಜಾನ್ ಕೊಮಾಂಡೋನ್ 1909ರಲ್ಲಿ ಸೂಕ್ಷ್ಮದರ್ಶಕಕ್ಕೆ ಚಲಚ್ಚಿತ್ರದ ಕ್ಯಾಮೆರಾ ಜೋಡಿಸಿ ರೋಗಾಣುಗಳ ಚಲನೆಯನ್ನು ತೋರಿಸಿದನು. 2006ರ ‘ದಿ ಫೌಂಟನ್’ ಚಿತ್ರಕ್ಕಾಗಿ ಪೀಟರ್ ಪಾರ್ಕ್ಸ್ ಪುಟ್ಟ ತಟ್ಟೆಯಲ್ಲಿನ ರಾಸಾಯನಿಕ ಕ್ರಿಯೆಗಳನ್ನೇ ಆಕಾಶದ ದೃಶ್ಯಗಳನ್ನಾಗಿ ಚಿತ್ರಿಸಿದರು. ಯೋಬನ ಗ್ರಂಥದ ಮಾತುಗಳೊಡನೆ ಆರಂಭವಾಗುವ ‘ದಿ ಟ್ರೀ ಆಫ್ ಲೈಫ್’ (2011) ಚಿತ್ರದ ಸೃಷ್ಟಿಯ ದೃಶ್ಯಗಳಲ್ಲಿಯೂ ಬಣ್ಣ, ಹೊಗೆ, ದ್ರವಗಳ ಕೈವಾಡವಿದೆ.

ಇದರ ಹಿಂದಿನ ಕಾರಣ ಸರಳವಾದುದು. ದ್ರವದ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಹಾಲಿನ ಮೇಲೆ ಬಣ್ಣದ ಹನಿಗಳನ್ನಿಟ್ಟು ನಡುವೆ ಸಾಬೂನಿನ ತೊಟ್ಟೊಂದನ್ನು ಬಿಟ್ಟರೆ ಅಲ್ಲಿನ ಬಿಗಿತ ಸಡಿಲಗೊಂಡು, ಬಿಗಿತ ಹೆಚ್ಚಿರುವ ಅಂಚಿನ ಕಡೆಗೆ ಬಣ್ಣಗಳು ಓಡತೊಡಗುತ್ತವೆ. ವಾಚಕರು ಇದನ್ನು ತಮ್ಮ ಅಡಿಗೆಮನೆಯಲ್ಲಿಯೇ ಮಾಡಿ ನೋಡಬಹುದು.

ಸೂಕ್ಷ್ಮದರ್ಶಕವೂ ಈಗ ಬಡವರ ಕೈಗೆ ನಿಲುಕದ ವಸ್ತುವಲ್ಲ. ಮೀರತ್‌ನಲ್ಲಿ ಜನಿಸಿದ ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಕಾಗದದ ‘ಫೋಲ್ಡ್‌ಸ್ಕೋಪ್’ನ ಸಾಮಗ್ರಿಗೆ ತಗಲುವ ವೆಚ್ಚ ಒಂದು ಡಾಲರಿಗಿಂತ ಕಡಿಮೆ. ಮಡಿಚಿ ಜೋಡಿಸಿ ಮೊಬೈಲಿಗೆ ಹೊಂದಿಸಿದರೆ ಹನಿಯೊಳಗಿನ ಲೋಕವನ್ನು ಚಿತ್ರೀಕರಿಸಬಹುದು. ಗದಗಿನ ಭೀಷ್ಮ ಕೆರೆ ನಮ್ಮೆದುರಿಗಿದೆ. ಲಕ್ಷ್ಮೇಶ್ವರದ ಪ್ರಾಚೀನ ನಾಮವಾದ ಪುಲಿಗೆರೆಯಲ್ಲಿಯೇ ಕೆರೆಯೊಂದು ಅಡಗಿದೆ. ನಮ್ಮ ಮಕ್ಕಳಿಗೆ ಚಿತ್ರಶಾಲೆಗಾಗಿ ದೂರ ಹೋಗಬೇಕಾಗಿಲ್ಲ.

ಆದರೆ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಲೇಖನಿ ಕೆಳಗಿಡಲಾರೆವು. ಮುಂಡರಗಿ, ಶಿರಹಟ್ಟಿ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯಾವ ಸೂಕ್ಷ್ಮದರ್ಶಕಕ್ಕೂ ಅದು ಕಾಣಿಸಿಕೊಳ್ಳುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲುಗಳು ಬಿಗಿದುಕೊಳ್ಳುತ್ತವೆ. ಕುದಿಸಿದರೆ ಅದು ಹೋಗದು. ನೀರು ಆರಿದಷ್ಟೂ ಸಾಂದ್ರವಾಗುತ್ತದೆ. ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು, ಶುದ್ಧ ಕುಡಿಯುವ ನೀರಿನ ಘಟಕದ ಇಲ್ಲವೆ ನದಿಯ ಶುದ್ಧೀಕರಿಸಿದ ನೀರನ್ನು ಬಳಸುವುದು, ಇವೇ ದಾರಿ.

ಹನಿಯ ಸೊಬಗನ್ನು ಮಕ್ಕಳಿಗೆ ತೋರಿಸೋಣ. ಅದರ ಜೊತೆಗೆ, ಸುಂದರವಾಗಿ ಕಾಣುವುದೆಲ್ಲ ಕುಡಿಯಲು ಯೋಗ್ಯವಲ್ಲ ಎಂಬುದನ್ನೂ ಕಲಿಸೋಣ. ಹನಿಯನ್ನು ಗಮನವಿಟ್ಟು ನೋಡಲು ಕಲಿತ ಮಗು ನಾಳೆ ತನ್ನೂರಿನ ಕೊಡದ ನೀರಿನ ಬಗೆಗೂ ಪ್ರಶ್ನೆ ಕೇಳೀತು. ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಹಿರಿಯರಾದ ನಮ್ಮದು.