ಹವಳದ ಟ್ಯಾಂಕ್‌ಗೆ ದೊಡ್ಡ ಏಂಜೆಲ್ ಫಿಶ್: ದಿಂಡೋರಿಯಲ್ಲಿ ನಾನು ಮಾಡಿದ್ದು, ಕೆಡಿಸಿದ್ದು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಸ್ಟ್ಯಾಂಡಪ್ ಕಾಲ್ ನಡೆಯುವಾಗ ಕದ್ದು ಓದುವವರಿಗೆ, ಎಂದಿನ ಹಾಗೆ ಮಾತಿನ ಬರಹರೂಪ ಇದು. ಮಾತಲ್ಲಿ ತಡವರಿಸಿದ್ದನ್ನು ತೆಗೆದಿದ್ದೇನೆ, ಆವತ್ತು ಬಾಯಿಲೆಕ್ಕದಲ್ಲಿ ತಪ್ಪಿದ್ದನ್ನು ಸರಿ ಮಾಡಿದ್ದೇನೆ.

ಬೆಂಗಳೂರು, ಪುಣೆ, ಹೈದರಾಬಾದ್, ಡಲ್ಲಾಸ್, ಎಲ್ಲ ಕಡೆಯಿಂದಲೂ ಬರುವ ಪ್ರಶ್ನೆ ಒಂದೇ: "ಹವಳ ಇರೋ ಟ್ಯಾಂಕ್‌ನಲ್ಲಿ ಎಂಪರರ್ ಏಂಜೆಲ್ ಇಡಬಹುದಾ?" ಇಡಬಹುದು. ನಮ್ಮ ಮನೆಯಲ್ಲಿ ಒಂದಿದೆ. ಆದರೆ ಆ ಮೀನಿಗೆ ಹವಳದ ದಿಬ್ಬ ಮನೆಯೂ ಹೌದು, ಊಟದ ಎಲೆಯೂ ಹೌದು. ಇದನ್ನು ಒಪ್ಪಿಕೊಂಡವರು ಮಾತ್ರ ಮುಂದೆ ಓದಿ.

ಹೊಸಬರಿಗೆ ಒಂದು ಸ್ಪಷ್ಟನೆ. ಅಕ್ವೇರಿಯಂ ಅಂಗಡಿಯಲ್ಲಿ ಐವತ್ತು, ನೂರು ರೂಪಾಯಿಗೆ ಸಿಗುವ ತ್ರಿಕೋನದ ಏಂಜೆಲ್ ದಕ್ಷಿಣ ಅಮೆರಿಕದ ಸಿಹಿನೀರಿನ ಮೀನು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾನು ಹೇಳ್ತಿರೋದು ಸಮುದ್ರದ ಏಂಜೆಲ್, ಪೊಮಕ್ಯಾಂಥಸ್ ಕುಲದ್ದು. ಎಂಪರರ್ ಪೂರ್ತಿ ಬೆಳೆದರೆ 40 ಸೆಂ.ಮೀ. ಮರಿಯಾಗಿದ್ದಾಗ ಕಡುನೀಲಿ ಮೈ, ಅದರ ಮೇಲೆ ಬಿಳಿ ಮತ್ತು ತಿಳಿನೀಲಿ ಸುತ್ತುಗಳು, ಯಾರೋ ಕೂತು ರಂಗೋಲಿ ಬಿಟ್ಟ ಹಾಗೆ. ದೊಡ್ಡದಾದ ಮೇಲೆ ಆ ಸುತ್ತು ಒಂದೂ ಉಳಿಯಲ್ಲ. ಹಳದಿ, ನೀಲಿ ಅಡ್ಡಪಟ್ಟೆ, ಕಣ್ಣಿಗೆ ಕಪ್ಪು ಪಟ್ಟಿ. ಜರ್ಮನಿಯ ಬ್ಲಾಕ್ 1787ರಲ್ಲಿ ದೊಡ್ಡ ಮೀನಿಗೆ 'ಇಂಪರೇಟರ್' ಅಂತ ಹೆಸರಿಟ್ಟ. 1801ರ ಪುಸ್ತಕದಲ್ಲಿ ಮರಿ ಬೇರೆಯೇ ಜಾತಿಯಾಗಿ ದಾಖಲಾಯ್ತು, ನಮ್ಮ ನಿಕೋಬಾರ್ ಹೆಸರಲ್ಲಿ, 'ನಿಕೋಬಾರಿಯೆನ್ಸಿಸ್' ಅಂತ. ಎರಡೂ ಒಂದೇ ಮೀನು ಅಂತ ಆಮೇಲೆ ಗೊತ್ತಾಯ್ತು.

ಈ ಹುಚ್ಚು ನನಗೆ ಹತ್ತಿದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ಮೊದಲ ಸಲ ಡೈವ್ ಮಾಡಿದಾಗ, ಬಂಡೆ ಸಂದಿಯಿಂದ ಬ್ಲೂರಿಂಗ್ ಏಂಜೆಲ್ ಒಂದು ಹೊರಗೆ ಬಂದು ನನ್ನನ್ನೇ ನೋಡಿತು. ಉಳಿದ ಮೀನುಗಳು ಓಡಿಹೋಗ್ತವೆ. ಇದು ಬಂದು ವಿಚಾರಿಸುತ್ತೆ. ನಾನು ಹೊನ್ನಾವರದ ಕಡೆಯವನು, ಸಮುದ್ರ ನೋಡಿಕೊಂಡೇ ಬೆಳೆದವನು. ಆದರೂ ನೀರಿನ ಕೆಳಗೆ ಇಂಥದ್ದೊಂದು ಇದೆ ಅಂತ ಗೊತ್ತಾಗೋಕೆ ಮೂವತ್ತು ವರ್ಷ ಬೇಕಾಯ್ತು.

ಈಗ ಇರೋದು ದಿಂಡೋರಿಯಲ್ಲಿ. ನಾಸಿಕ್‌ನಿಂದ ಉತ್ತರಕ್ಕೆ ಸುಮಾರು 25 ಕಿ.ಮೀ. ಕಣ್ಣು ಹಾಯಿಸಿದಷ್ಟು ದ್ರಾಕ್ಷಿ. ಹೆಂಡತಿಗೆ ಇಲ್ಲಿ ವೈನರಿಯ ಲ್ಯಾಬ್‌ನಲ್ಲಿ ಕೆಲಸ, ನನ್ನದು ಪುಣೆ ಕಂಪನಿಗೆ ಮನೆಯಿಂದಲೇ. ದ್ರಾಕ್ಷಿ ತೋಟದ ಅಂಚಿನಲ್ಲಿ ಬಾಡಿಗೆ ಮನೆ. ಓನರ್‌ಗೆ ಊರೆಲ್ಲ ನಾನಾ ಅಂತಾರೆ, ನಾವೂ ಹಾಗೇ. ಮುಂಬಯಿ ಸುಮಾರು 190 ಕಿ.ಮೀ. ದೂರ. ಸಹ್ಯಾದ್ರಿಯ ಈಚೆ ಕೂತು ಸಮುದ್ರದ ಮೀನು ಸಾಕ್ತೀನಿ ಅಂದಾಗ ನಾನಾ ಕೇಳಿದ್ದು ಒಂದೇ ಮಾತು, "ತಿನ್ನೋಕಾ?"

ನೆಲಮಹಡಿ ಮನೆ ಅನ್ನೋದೇ ನನ್ನ ಅದೃಷ್ಟ. ಟ್ಯಾಂಕ್ 6 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ಎತ್ತರ. ಸುಮಾರು 850 ಲೀಟರ್. ಕೆಳಗಿನ ಸಂಪ್ ಸೇರಿಸಿ, ಕಲ್ಲು ಮರಳು ಹಿಡಿದ ಜಾಗ ಕಳೆದರೆ 900 ಲೀಟರ್ ನೀರು. ಈ ಮೀನಿಗೆ ಇದು ಧಾರಾಳ ಅಲ್ಲ, ಕನಿಷ್ಠ. ಅಪಾರ್ಟ್‌ಮೆಂಟ್‌ನಲ್ಲಿರೋರು ಕೇಳಿ: ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ ಒಂದು ಟನ್ ದಾಟುತ್ತೆ, ಅದೂ 15 ಚದರ ಅಡಿಯಲ್ಲಿ. ನಮ್ಮ ಮನೆಗಳ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಲೆಕ್ಕದಲ್ಲಿ ವಿನ್ಯಾಸ ಮಾಡಿರ್ತಾರೆ. ಟ್ಯಾಂಕ್ ಬೀಳುವ ಜಾಗದಲ್ಲಿ ಅದರ ನಾಲ್ಕು ಪಟ್ಟು ಆಗುತ್ತೆ. ಬೀಮ್ ಎಲ್ಲಿದೆ ಅಂತ ಎಂಜಿನಿಯರ್‌ಗೆ ತೋರಿಸದೆ ಐದನೇ ಮಹಡಿಯಲ್ಲಿ ಇಂಥದ್ದು ಇಡಬೇಡಿ. ಕೆಳಗಿನ ಮನೆಯವರಿಗೂ ನಿದ್ದೆ ಬೇಕು.

ಇನ್ನು ಹವಳ. ವಿದೇಶದ ಚಾನೆಲ್ ನೋಡಿ ಅದೇ ಥರ ಮಾಡೋಕೆ ಹೊರಡುವವರು ಇಲ್ಲಿ ನಿಲ್ಲಬೇಕು. ಗಟ್ಟಿ ಹವಳ, ಅಂದರೆ ದಿಬ್ಬ ಕಟ್ಟುವ ಕಲ್ಲುಹವಳ, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಹುಲಿ ಇರುವ ಪಟ್ಟಿಯಲ್ಲೇ. ಬೀಸಣಿಗೆ ಥರದ ಗೋರ್ಗೋನಿಯನ್‌ಗಳೂ, ಕಪ್ಪು ಹವಳವೂ ಅದರಲ್ಲೇ ಇವೆ. "ಇಂಪೋರ್ಟ್ ಸರ್, ಪೇಪರ್ ಇದೆ" ಅಂತ ಅಂಗಡಿಯವರು ಹೇಳಿದರೆ ಆ ಪೇಪರ್ ನಿಮ್ಮ ಕೈಯಲ್ಲಿರಬೇಕು. ನಾನಂತೂ ಗಟ್ಟಿ ಹವಳದ ತಂಟೆಗೇ ಹೋಗಿಲ್ಲ. ಕಲ್ಲು ಸೆರಾಮಿಕ್‌ದು. ಅದರ ಮೇಲೆ ಮೃದು ಜಾತಿಯವು: ಲೆದರ್, ಮಶ್ರೂಮ್, ಝೋವಾ. ಗಟ್ಟಿ ಹವಳ ಇಲ್ಲದೆ ಅದೂ ಒಂದು ರೀಫಾ ಅಂತ ಕೇಳುವವರಿದ್ದಾರೆ. ಇರಲಿ.

ಆಗಸ್ಟ್‌ನಲ್ಲಿ, ಎರಡು ವರ್ಷದ ಹಿಂದೆ, ಮುಂಬಯಿಯಿಂದ ಥರ್ಮೋಕೋಲ್ ಡಬ್ಬಿಯಲ್ಲಿ ಮರಿ ಬಂತು. 7 ಸೆಂ.ಮೀ. ಇತ್ತು. ದೊಡ್ಡ ಏಂಜೆಲ್ ಟ್ಯಾಂಕ್‌ಗೆ ಕೊನೆಯಲ್ಲಿ ಬರಬೇಕು, ಒಂದಕ್ಕಿಂತ ಹೆಚ್ಚು ಬರಬಾರದು. ಮೊದಲು ಬಂದರೆ ಇಡೀ ಟ್ಯಾಂಕ್ ತನ್ನ ಜಹಗೀರು ಅಂದುಕೊಳ್ಳುತ್ತೆ. ಈ ನಿಯಮ ಪಾಲಿಸಿದೆ. ಕ್ವಾರಂಟೈನ್‌ನಲ್ಲಿ ಮಾತ್ರ ಕಳ್ಳಾಟ ಆಡಿದೆ. ಬೇರೆ ತೊಟ್ಟಿಯಲ್ಲಿ ಕನಿಷ್ಠ ಒಂದು ತಿಂಗಳು ಇಡಬೇಕಾದದ್ದನ್ನು 12 ದಿನಕ್ಕೆ ಮುಗಿಸಿದೆ. ರಿಲೀಸ್ ಇತ್ತು, ಪುಣೆಗೆ ಹೋಗಬೇಕಿತ್ತು, ಎರಡೆರಡು ತೊಟ್ಟಿ ನೋಡಿಕೊಳ್ಳೋಕೆ ಹೆಂಡತಿಗೆ ಹೇಳೋಕೆ ಮುಖ ಇರಲಿಲ್ಲ. ಮೀನು ಆರೋಗ್ಯವಾಗೇ ಕಂಡಿತು. ಟೆಸ್ಟಿಂಗ್ ಮುಗಿಯದ ಕೋಡನ್ನು ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಬಿಟ್ಟವರಿಗೆ ಮುಂದಿನದು ಹೇಳಬೇಕಾಗಿಲ್ಲ.

ಮೊದಲ ವಾರ ಝೋವಾ ಹೋದವು. ಸಮುದ್ರದಲ್ಲಿ ಈ ಮೀನಿನ ಮುಖ್ಯ ಊಟ ಸ್ಪಂಜು ಮತ್ತು ಬಂಡೆಗೆ ಅಂಟಿಕೊಂಡಿರೋ ಮೆತ್ತನೆಯ ಜೀವಿಗಳು. ಬಾಯಲ್ಲಿ ಬ್ರಷ್ ಥರದ ಹಲ್ಲು. ದಿನವಿಡೀ ಬಂಡೆ ಕೆರೆದು ತಿನ್ನೋದೇ ಅದರ ಬದುಕು. ಬಣ್ಣಬಣ್ಣದ ಝೋವಾ ಅದಕ್ಕೆ ಕೋಸಂಬರಿ. ಮಶ್ರೂಮ್‌ಗಳನ್ನು ಒಮ್ಮೊಮ್ಮೆ ಕಚ್ಚಿ ನೋಡಿ ಬಿಟ್ಟಿತು. ಲೆದರ್ ಹವಳದ ಮೈಯಲ್ಲಿ ಕಹಿ ರಾಸಾಯನಿಕ ಇರುತ್ತೆ, ಅದನ್ನು ಮುಟ್ಟಲಿಲ್ಲ. ಗಟ್ಟಿ ಹವಳ ಸಾಕುವ ದೇಶಗಳ ಹವ್ಯಾಸಿಗಳೂ ಇದನ್ನೇ ಹೇಳ್ತಾರೆ: ಮಾಂಸಲವಾದ ಬ್ರೇನ್ ಹವಳ ಮೊದಲು ಹೋಗುತ್ತೆ, ಸಣ್ಣ ಬಾಯಿಯವು ಬದುಕೋ ಸಾಧ್ಯತೆ ಜಾಸ್ತಿ. ಗ್ಯಾರಂಟಿ ಯಾವುದಕ್ಕೂ ಇಲ್ಲ, ಒಂದೊಂದು ಮೀನಿಗೆ ಒಂದೊಂದು ರುಚಿ.

ಹೊಟ್ಟೆ ತುಂಬಿದ್ದರೆ ಕಚ್ಚೋದು ಕಮ್ಮಿ. ಹಾಗಾಗಿ ದಿನಕ್ಕೆ ನಾಲ್ಕು ಸಲ ಊಟ: ಸುಶಿಗೆ ಸುತ್ತುವ ನೋರಿ ಹಾಳೆಯನ್ನು ಕ್ಲಿಪ್‌ಗೆ ಸಿಕ್ಕಿಸಿ ಒಂದು, ಸ್ಪಂಜು ಸೇರಿಸಿದ ಫ್ರೋಜನ್ ಆಹಾರ, ಸೀಗಡಿ, ಕಾಳು. ಇಷ್ಟು ಹಾಕಿದರೆ ನೀರಲ್ಲಿ ನೈಟ್ರೇಟ್ ಏರುತ್ತೆ, ನೈಟ್ರೇಟ್ ಏರಿದರೆ ಹವಳ ಮುದುಡುತ್ತೆ. ಅದಕ್ಕೇ ದೊಡ್ಡ ಸ್ಕಿಮ್ಮರ್, ವಾರಕ್ಕೆ ನೂರು ಲೀಟರ್ ನೀರು ಬದಲಾವಣೆ. ನಾಸಿಕ್ ಸೀಮೆಯ ಕ್ವಾರಿಗಳಲ್ಲಿ ಸಿಗುವ ಝಿಯೊಲೈಟ್ ಹರಳು ತಂದುಕೊಟ್ಟ ಪಕ್ಕದ ಹುಡುಗ, ಇದು ಅಮೋನಿಯಾ ಹೀರುತ್ತಂತೆ ಅಂದ. ಸಿಹಿನೀರಲ್ಲಿ ಹೌದು. ಉಪ್ಪುನೀರಲ್ಲಿ ಸೋಡಿಯಂ ಆ ಜಾಗ ಹಿಡಿದುಬಿಡುತ್ತೆ. ಹರಳು ಈಗ ಟಿವಿ ಪಕ್ಕ ಚೆಂದವಾಗಿ ಕೂತಿದೆ.

ಸೆಪ್ಟೆಂಬರ್ ಮೂರನೇ ವಾರ, ಬೆಳಗಿನ ಕಾಲ್‌ಗೆ ಮುಂಚೆ ನೋಡ್ತೀನಿ, ಮೀನಿನ ರೆಕ್ಕೆ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಕ್ರಿಪ್ಟೊಕ್ಯಾರಿಯಾನ್, ಹವ್ಯಾಸಿಗಳ ಬಾಯಲ್ಲಿ 'ಇಕ್'. ಪರಾವಲಂಬಿ. ಮೀನಿನ ಮೈ ಬಿಟ್ಟು ತಳಕ್ಕೆ ಬಿದ್ದು, ಅಲ್ಲೇ ಕೋಶ ಕಟ್ಟಿಕೊಂಡು, ವಾರಗಟ್ಟಲೆ ಆದ ಮೇಲೂ ನೂರಾರು ಮರಿಯಾಗಿ ಹೊರಬರುತ್ತೆ. ಇದಕ್ಕೆ ನಂಬಿಕೆಯ ಮದ್ದು ತಾಮ್ರ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ವಾರಗಟ್ಟಲೆ ಇಳಿಯದ ಹಾಗೆ ಕಾಯಬೇಕು. ಆದರೆ ಅದೇ ತಾಮ್ರ ಬಸವನಹುಳು, ಸೀಗಡಿ, ಹವಳ ಎಲ್ಲದಕ್ಕೂ ವಿಷ. ಬರೀ ಮೀನಿನ ಟ್ಯಾಂಕ್ ಆಗಿದ್ದರೆ ಔಷಧಿ ಸುರಿದು ಮುಗಿಸಬಹುದಿತ್ತು. ಹವಳದ ಟ್ಯಾಂಕ್‌ನಲ್ಲಿ ಮೀನನ್ನೇ ಹೊರಗೆ ತೆಗೆಯಬೇಕು.

ತೆಗೆಯೋದು ಅಂದರೆ ಕಲ್ಲೆಲ್ಲ ಕಿತ್ತು ಹಾಕೋದು. ಎರಡು ರಾತ್ರಿ ಹಿಡಿಯಿತು. ಬಲೆ ಬಳಸಬೇಡಿ, ಇವುಗಳ ಕೆನ್ನೆಯ ಹತ್ತಿರ ಮುಳ್ಳಿದೆ, ಬಲೆಗೆ ಸಿಕ್ಕಿಕೊಂಡು ಹರಿಯುತ್ತೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಟ್ಟಿ ಹಿಡಿಯಬೇಕು. ಹಿಂದಿನ ಕೋಣೆಯಲ್ಲಿ 300 ಲೀಟರಿನ ಸಿಂಟೆಕ್ಸ್ ತೊಟ್ಟಿ, ಅಡಗೋಕೆ ಪಿವಿಸಿ ಪೈಪ್ ತುಂಡು, ತಾಮ್ರ, ದಿನಕ್ಕೆ ಎರಡು ಸಲ ಟೆಸ್ಟ್. ಉಳಿದ ಮೀನುಗಳೂ ಅಲ್ಲೇ. ದೊಡ್ಡ ಟ್ಯಾಂಕ್ ಮೀನಿಲ್ಲದೆ ಖಾಲಿ. ಹವ್ಯಾಸಿಗಳು ಸಾಮಾನ್ಯವಾಗಿ 76 ದಿನ ಕಾಯ್ತಾರೆ, ಅಷ್ಟರಲ್ಲಿ ಮೀನು ಸಿಗದೆ ಪರಾವಲಂಬಿ ಸಾಯುತ್ತೆ ಅಂತ.

ಅಕ್ಟೋಬರ್ ಬಂತು. ದಿಂಡೋರಿಯಲ್ಲಿ ಅಕ್ಟೋಬರ್ ಅಂದರೆ ದ್ರಾಕ್ಷಿಯ ಹಣ್ಣಿನ ಛಾಟಣಿ. ಬಳ್ಳಿ ಕತ್ತರಿಸ್ತಾರೆ, ಚಿಗುರು ಬರುತ್ತೆ, ಚಿಗುರಿಗೆ ಕೇವಡಾ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೀತಾರೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಅಪ್ಪ ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಸ್ತಿದ್ದದ್ದು ಇದೇ ಮೈಲುತುತ್ತ, ಸುಣ್ಣ. ಆ ವಾಸನೆ ಬಂದರೆ ನನಗೆ ಈಗಲೂ ಊರು ನೆನಪಾಗುತ್ತೆ.

ಒಂದು ಮಂಗಳವಾರ ದೊಡ್ಡ ಟ್ಯಾಂಕ್‌ನ ಬಸವನಹುಳುಗಳು ಗಾಜು ಬಿಟ್ಟು ಕೆಳಗೆ ಬಿದ್ದಿದ್ದವು. ಲೆದರ್ ಮುದುಡಿತ್ತು, ಸೀಗಡಿ ಮಗುಚಿ ಬಿದ್ದಿತ್ತು. ಉಪ್ಪು, ಬಿಸಿ, ಅಮೋನಿಯಾ ಎಲ್ಲ ಸರಿ. ತಾಮ್ರದ ಕಿಟ್ ಹೇಗೂ ಮನೆಯಲ್ಲಿತ್ತು, ಸುಮ್ಮನೆ ನೋಡಿದೆ. ಬಣ್ಣ ಬಂತು. ಹಿಂದಿನ ಕೋಣೆಯಿಂದ ನಾನೇ ಕೈಯಲ್ಲಿ ತಂದೆನಾ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಹಿತ್ತಲಲ್ಲಿ ಬಕೆಟ್ ಕಂಡಿತು. ಆವಿಯಾದ ನೀರಿಗೆ ಬದಲು ಆರ್‌ಒ ನೀರು ತುಂಬುವ ನನ್ನ ನೀಲಿ ಬಕೆಟ್. ತಳದ ಅಂಚಿನಲ್ಲಿ ತಿಳಿನೀಲಿ ಗಸಿ. ಔಷಧಿ ಕಲಸೋಕೆ ಯಾರೋ ತೆಗೆದುಕೊಂಡು, ತೊಳೆದೇ ವಾಪಸ್ ಇಟ್ಟಿದ್ದರು. ನೋಡದೆ ನೀರು ಸುರಿದವನು ನಾನು.

ಲೆಕ್ಕ ಹಾಕಿ. 1% ದ್ರಾವಣದಲ್ಲಿ 100 ಲೀಟರಿಗೆ 1 ಕೆಜಿ ಮೈಲುತುತ್ತ. ಅದರ ಕಾಲುಭಾಗ ತಾಮ್ರ. ಗಸಿಯಲ್ಲಿ ಬರೀ 50 ಮಿ.ಲೀ. ಉಳಿದಿದ್ದರೂ 125 ಮಿಲಿಗ್ರಾಂ ತಾಮ್ರ. 900 ಲೀಟರಿಗೆ ಹಂಚಿದರೆ ಲೀಟರಿಗೆ 0.14. ಪೂರ್ತಿ ಕರಗಲ್ಲ, ಸುಣ್ಣ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತೆ ನಿಜ. ಆದರೆ ಹಿಂದಿನ ಕೋಣೆಯಲ್ಲಿ ಮೀನು ಬದುಕಿಸೋಕೆ ನಾನು ಹನಿ ಹನಿ ಅಳೆದು ಹಾಕ್ತಿದ್ದ ಪ್ರಮಾಣದ ಹತ್ತಿರ ಹತ್ತಿರ ಅದು. ಮುಂದಿನ ಕೋಣೆಯಲ್ಲಿ ಅದೇ ಎಲ್ಲವನ್ನೂ ಕೊಲ್ಲುತ್ತಿತ್ತು.

ಆಕ್ಟಿವೇಟೆಡ್ ಕಾರ್ಬನ್, ತಾಮ್ರ ಹೀರುವ ರೆಸಿನ್, ಮೂರು ದಿನದಲ್ಲಿ ಅರ್ಧ ನೀರು ಬದಲಾವಣೆ. ಬಸವನಹುಳು, ಸೀಗಡಿ ಒಂದೂ ಉಳಿಯಲಿಲ್ಲ. ಲೆದರ್ ಎರಡು ವಾರ ಮೈ ಬಿಚ್ಚಲಿಲ್ಲ, ಆಮೇಲೆ ಒಂದು ಬೆಳಿಗ್ಗೆ ಹಳೇ ಸಿಪ್ಪೆ ಕಳಚಿ ಅರಳಿತು. ನಾನಾಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. "ನಮ್ಮ ಬಳ್ಳಿ ಉಳಿಸೋದೇ ಅದು" ಅಂದರು. ಅದೂ ನಿಜವೇ.

ಡಿಸೆಂಬರ್‌ನಲ್ಲಿ ಏಂಜೆಲ್ ವಾಪಸ್ ಬಂತು. ಅಳಿದುಳಿದ ಝೋವಾಗಳನ್ನು ಬೆಡ್‌ರೂಮಿನ ನೂರು ಲೀಟರ್ ಟ್ಯಾಂಕ್‌ಗೆ ಸ್ಥಳಾಂತರ ಮಾಡಿದೆ. ಇವನ್ನು ಮುಟ್ಟುವಾಗ ಗ್ಲೌಸ್ ಹಾಕಿ. ಅಂಟಿದ ಕಲ್ಲನ್ನು ಬಿಸಿನೀರಲ್ಲಿ ಕುದಿಸೋದು ಮಾತ್ರ ಬೇಡವೇ ಬೇಡ, ಕೆಲವುದರಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಘೋರ ವಿಷ ಇದೆ, ಹಬೆಯಲ್ಲಿ ಬಂದರೆ ಆಸ್ಪತ್ರೆ ಸೇರಬೇಕಾಗುತ್ತೆ. ದೊಡ್ಡ ಟ್ಯಾಂಕ್‌ನಲ್ಲಿ ಈಗ ಲೆದರ್, ಮಶ್ರೂಮ್, ಏಂಜೆಲ್. ನಾನು ಮೊದಲು ಕನಸು ಕಂಡ ಬಣ್ಣದ ರೀಫ್ ಅಲ್ಲ ಇದು, ಆ ಮೀನು ಉಳಿಸಿಕೊಟ್ಟ ರೀಫ್.

ಟೂಬಿಎಚ್‌ಕೆ ಬಾಡಿಗೆ ಮನೆಯಲ್ಲಿರೋರಿಗೆ, ಎರಡು ವರ್ಷಕ್ಕೊಮ್ಮೆ ಊರು ಬದಲಿಸೋರಿಗೆ ನಾನು ಈ ಮೀನು ಬೇಡ ಅಂತಲೇ ಹೇಳೋದು. ಕ್ಲೌನ್ ಫಿಶ್ ಜೋಡಿ ಸಾಕಿ. ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅವನ್ನು ಹ್ಯಾಚರಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದೆ. ಸಮುದ್ರದಿಂದ ಹಿಡಿದು ತರಬೇಕಾಗಿಲ್ಲ, ಇನ್ನೂರು ಲೀಟರ್ ಸಾಕು.

ನಮ್ಮದು ಈಗ 16 ಸೆಂ.ಮೀ. ಸುತ್ತುಗಳು ಒಡೆದು ಹಳದಿ ಗೆರೆ ಮೂಡ್ತಿದೆ, ಸದ್ಯಕ್ಕೆ ಅತ್ತ ಮರಿಯೂ ಅಲ್ಲ, ಇತ್ತ ದೊಡ್ಡದೂ ಅಲ್ಲ. ರಾತ್ರಿ ಲೈಟ್ ಆರಿಸಿದ ಮೇಲೆ ಟಕ್ ಟಕ್ ಅಂತ ಸದ್ದು ಮಾಡುತ್ತೆ. ಪಂಪ್ ಕೆಟ್ಟಿದೆ ಅಂತ ಹೆಂಡತಿ ನನ್ನನ್ನು ಮೂರು ಸಲ ಎಬ್ಬಿಸಿದ್ದಳು. ನಾನಾ ಸಂಜೆ ಬಂದು ಕುರ್ಚಿ ಎಳೆದು ಕೂತರೆ ಮೀನು ಗಾಜಿನ ಹತ್ತಿರ ಬರುತ್ತೆ. ಈ ಸಲದ ಛಾಟಣಿಗೆ ಮುಂಚೆ ಅವರು ಹೊಸ ಬಕೆಟ್ ತಂದು ಬಾಗಿಲ ಬಳಿ ಇಟ್ಟು ಹೋದರು. ಅದರ ಮೇಲೆ ಕೆಂಪು ಪೇಂಟಲ್ಲಿ ದೊಡ್ಡದಾಗಿ ಮರಾಠಿಯಲ್ಲಿ ಬರೆಸಿದ್ದಾರೆ: ಮಾಸಾ.