ಅನುಕಂಪ ಬೇಡ, ಕಿವಿ ಕೊಡಿ

ನಾನು ಕೀಬೋರ್ಡ್ ನುಡಿಸಿದ ಮೇಲೆ ಹೆಚ್ಚಾಗಿ ಕೇಳಿಸುವ ಮಾತು, ‘ಅಯ್ಯೋ ಪಾಪ, ಕಣ್ಣು ಕಾಣಲ್ವಂತೆ’. ನುಡಿಸಿದ್ದು ಹೇಗಿತ್ತು ಎಂದು ಹೇಳುವವರು ಕಡಿಮೆ. ಅದಕ್ಕೇ ಇರಬೇಕು, ಮೊಬೈಲ್‌ನ ಟಾಕ್‌ಬ್ಯಾಕ್ ಓದಿ ಹೇಳಿದ ಜಾನ್ ವಿಲಿಯಂ ಬೂನ್ ಅವರ ಬದುಕು ನನ್ನನ್ನು ಹಿಡಿದು ಕೂರಿಸಿತು. ಅಮೆರಿಕದ ಈ ಕಪ್ಪು ಪಿಯಾನೊ ವಾದಕ ‘ಬ್ಲೈಂಡ್ ಬೂನ್’ ಎಂದೇ ಪ್ರಸಿದ್ಧರು. ಅವರ ಕಛೇರಿಗಳ ಘೋಷವಾಕ್ಯದ ತಿರುಳು ಇಷ್ಟೆ: ಗೆಲ್ಲುವುದು ಪ್ರತಿಭೆ, ಅನುಕಂಪವಲ್ಲ.

ಬೂನ್ ಹುಟ್ಟಿದ್ದು 1864ರಲ್ಲಿ, ಮಿಸೌರಿಯ ಒಂದು ಸೇನಾ ಶಿಬಿರದಲ್ಲಿ. ಗುಲಾಮಗಿರಿಯಿಂದ ಹೊರಬಂದಿದ್ದ ತಾಯಿ ಅಲ್ಲಿ ಅಡುಗೆ ಮಾಡುತ್ತಿದ್ದರು. ಆರು ತಿಂಗಳ ಮಗುವಿಗೆ ಮಿದುಳಿನ ಜ್ವರ ಬಂದು, ಜೀವ ಉಳಿಸಲು ವೈದ್ಯರು ಎರಡೂ ಕಣ್ಣು ತೆಗೆದರು. ಮುಂದೆ ಊರಿನವರು ನೆರವಾಗಿ ಹುಡುಗನನ್ನು ಸೇಂಟ್ ಲೂಯಿಸ್‌ನ ಅಂಧರ ಶಾಲೆಗೆ ಕಳಿಸಿದರು. ಅವನೋ ಅಲ್ಲಿಂದ ತಪ್ಪಿಸಿಕೊಂಡು, ಕಪ್ಪು ವಾದಕರು ಪಿಯಾನೊ ನುಡಿಸುವ ಬೀದಿಗಳಿಗೆ ಹೋಗುತ್ತಿದ್ದ. ಕೊನೆಗೆ ಶಾಲೆಯಿಂದ ಹೊರಹಾಕಿದರು. ಆದರೆ ಆ ಬೀದಿಯ ಸಂಗೀತ ಅವನ ಬೆರಳುಗಳನ್ನು ಬಿಡಲಿಲ್ಲ.

ಅದೇ ಸಂಗೀತ ಬೆಳೆದು ‘ರ‍್ಯಾಗ್‌ಟೈಮ್’ ಆಯಿತು. ಎಡಗೈ ಗಡಿಯಾರದಂತೆ ಸಮನಾಗಿ ಲಯ ಹಿಡಿದಿರುತ್ತದೆ. ಬಲಗೈ ಮಾತ್ರ ಪೆಟ್ಟು ಬೀಳಬೇಕಾದ ಜಾಗದಲ್ಲಿ ಬೀಳದೆ, ಎರಡು ಪೆಟ್ಟುಗಳ ನಡುವೆ ತುಂಟತನದಿಂದ ಒತ್ತು ಕೊಡುತ್ತದೆ. ಇದನ್ನು ಜಗತ್ತಿಗೆ ಪರಿಚಯಿಸಿದ ಸ್ಕಾಟ್ ಜಾಪ್ಲಿನ್ ಅವರ ‘ಮೇಪಲ್ ಲೀಫ್ ರ‍್ಯಾಗ್’ 1899ರಲ್ಲಿ ಪ್ರಕಟವಾದದ್ದೂ ಮಿಸೌರಿಯಲ್ಲೇ. ಬೂನ್ ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲೇ, 1880ರಿಂದ, ಜಾನ್ ಲ್ಯಾಂಜ್ ಎಂಬ ವ್ಯವಸ್ಥಾಪಕರ ಜೊತೆ ಊರೂರು ಸುತ್ತುತ್ತಿದ್ದರು. ಒಂದೇ ಕಛೇರಿಯಲ್ಲಿ ಲಿಸ್ಟ್, ಬೀಥೋವನ್ ಕೃತಿಗಳನ್ನೂ ತಮ್ಮ ಜನರ ಹಾಡುಗಳನ್ನೂ ನುಡಿಸುತ್ತಿದ್ದರು. ತಿಂಡಿಯನ್ನು ಎಲ್ಲರ ಕೈಗೂ ಎಟುಕುವ ಕೆಳಗಿನ ಹಲಗೆಯಲ್ಲಿ ಇಡುತ್ತೇನೆ ಎನ್ನುತ್ತಿದ್ದರಂತೆ!

ನನಗೆ ದೊಡ್ಡದಾಗಿ ಕಾಣುವುದು ಇದೇ. ಗಲ್ಲಿಯ ಸಂಗೀತಕ್ಕೆ ಮರ್ಯಾದೆ ಇಲ್ಲದ ಕಾಲದಲ್ಲಿ ಅವರು ಅದನ್ನು ಕಛೇರಿಯ ವೇದಿಕೆಗೆ ತಂದು ಕೂರಿಸಿದರು. 1908ರಲ್ಲಿ ಪ್ರಕಟವಾದ ‘ಸದರ್ನ್ ರ‍್ಯಾಗ್ ಮೆಡ್ಲಿ’ ಕೃತಿಯ ಉಪಶೀರ್ಷಿಕೆಯಲ್ಲೇ ‘ಗಲ್ಲಿಗಳ ರಾಗಗಳು’ ಎಂಬ ಅರ್ಥವಿದೆ. ಯಾರು ಕಟ್ಟಿದರೆಂದು ಗೊತ್ತಿಲ್ಲದ ಧಾಟಿಗಳು ಅದರಲ್ಲಿ ಉಳಿದುಕೊಂಡಿವೆ. 1912ರಲ್ಲಿ ಬೂನ್ ಪಿಯಾನೊ ರೋಲ್‌ಗಳಿಗೂ ನುಡಿಸಿದರು. ಅಂದರೆ, ರಂಧ್ರ ಕೊರೆದ ಕಾಗದದ ಸುರುಳಿ. ಯಂತ್ರದ ಪಿಯಾನೊಗೆ ಹಾಕಿದರೆ ಅದು ತಾನೇ ನುಡಿಯುತ್ತದೆ.

1927ರಲ್ಲಿ ಅವರು ತೀರಿಕೊಂಡರು. ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1971ರಲ್ಲಿ.

ಈಗ ನಾನು ದಿನಾ ಎಡಗೈಯ ಲಯವೊಂದನ್ನೇ ಅರ್ಧ ಗಂಟೆ ಅಭ್ಯಾಸ ಮಾಡುತ್ತೇನೆ. ಬಲಗೈ ಇನ್ನೂ ಮಾತು ಕೇಳುತ್ತಿಲ್ಲ. ನಿಮಗೂ ಬಿಡುವಾದಾಗ ಬೂನ್ ಅವರ ರೋಲ್ ಕೇಳಿ. ಅವರಿಗೆ ಕಣ್ಣಿರಲಿಲ್ಲ ಎಂಬುದನ್ನು ಕೇಳಿದ ಮೇಲೆ ನೆನಪಿಸಿಕೊಂಡರೆ ಸಾಕು.