ಮೈಕು ಬೇಡ, ಹುಣಿಸೆಬೀಜ ಕೊಡಿ!

ಚಳ್ಳಕೆರೆ: ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು. ಮಳೆಗಾಲದಲ್ಲಿ ಗೌರಸಮುದ್ರ ಮಾರಮ್ಮನ ಜಾತ್ರೆ. ಎರಡಕ್ಕೂ ಜನಸಾಗರ. ಕುಡಿಯಲು ನೀರು ಸಿಕ್ಕಿತೇ? ಹೆಂಗಸರಿಗೆ ಶೌಚಾಲಯ ಸಾಕಾಯಿತೇ? ರಾತ್ರಿ ಊರಿಗೆ ಮರಳಲು ಬಸ್ಸಿತ್ತೇ? ಇದನ್ನು ಕೇಳಬೇಕಾದ್ದು ಕಚೇರಿಯಲ್ಲಿ ಕೂತವರನ್ನಲ್ಲ, ಬಂದುಹೋದ ಜನರನ್ನು.

ಆದರೆ ಕೇಳುವುದು ಹೇಗೆ? ಗ್ರಾಮಸಭೆಗಳ ಪಾಡು ಎಲ್ಲರಿಗೂ ಗೊತ್ತು. ಮೈಕು ನಾಲ್ಕು ಜನರ ಕೈ ಬಿಟ್ಟು ಕದಲುವುದಿಲ್ಲ. ಹಿಂದೆ ಕೂತ ಹೆಂಗಸರು 'ನಮ್ ಮಾತು ಯಾರ್ ಕೇಳ್ತಾರೆ ಬಿಡ್ರಿ' ಅಂತ ಸೆರಗು ಕೊಡವಿ ಏಳುತ್ತಾರೆ. ಫಾರಂ ಹಂಚಿದರೋ, ಓದು ಬಾರದವರು ಇನ್ನೊಬ್ಬರ ಪೆನ್ನಿಗೆ ಕಾಯಬೇಕು.

ಹಾಗಂತ ನಮ್ಮ ಜನಕ್ಕೆ ಹೇಳಲು ಬಾರದು ಅಂದುಕೊಂಡರೆ ತಪ್ಪು. ತೇರಿಗೆ ಎಸೆಯುವ ಬಾಳೆಹಣ್ಣಿನ ಮೇಲೆ ಬೇಡಿಕೆ ಬರೆಯುವವರು ನಮ್ಮವರೇ! ಹಾಸನಾಂಬೆಯ ಹುಂಡಿ ಎಣಿಸುವಾಗ ಕಾಣಿಕೆಯ ಜೊತೆ ಭಕ್ತರ ಪತ್ರಗಳೂ ಸಿಗುತ್ತವೆ. 1951-52ರ ಮೊದಲ ಮಹಾಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಓದು ಬಾರದವರೂ ಚಿಹ್ನೆ ನೋಡಿ ಚೀಟಿ ಹಾಕಿದರು. ದೇಶದ ಕೆಲವು ಕಡೆ ಪೆಟ್ಟಿಗೆ ತೆರೆದಾಗ ಚೀಟಿಯ ಜೊತೆ ಅರ್ಜಿ, ನಾಣ್ಯಗಳೂ ಉದುರಿದವು. ಜನ ಹೇಳಲು ತಯಾರು. ಹೇಳಲು ಒಂದು ತೂತು ಬೇಕು, ಅಷ್ಟೆ.

ಆ ತೂತು ಬಲು ಅಗ್ಗ. 1989-90ರ ಹೊತ್ತಿಗೆ ಮೈರಾಡ ಸಂಸ್ಥೆಯವರು ಕರ್ನಾಟಕದ ಹಳ್ಳಿಗಳಲ್ಲಿ ಫಾರಂ ಬದಿಗಿಟ್ಟು ನೆಲದ ಮೇಲೆ ಕೂತರು. ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದವರು ಊರಿನವರೇ. ಯಾವ ಮರ ಹೆಚ್ಚು ಉಪಯೋಗ, ಯಾವ ತೊಂದರೆ ದೊಡ್ಡದು ಎಂಬುದಕ್ಕೆ ಬೀಜ, ಕಲ್ಲುಹರಳು ಇಟ್ಟು ತೋರಿಸಿದರು. ಹೆಚ್ಚು ಬೀಜ, ಹೆಚ್ಚು ತೂಕ. ಲೆಕ್ಕ ಎಲ್ಲರ ಕಣ್ಣೆದುರು.

ಇದರಲ್ಲೂ ಒಂದು ಹುಳುಕಿದೆ. ಗೌಡರ ಕಣ್ಣೆದುರು ಬೀಜ ಇಡುವ ಕೂಲಿಯ ಕೈ ನಡುಗುತ್ತದೆ. ಒಬ್ಬನೇ ಹಿಡಿ ತುಂಬ ಸುರಿದರೆ ತಡೆಯುವವರಾರು?

ಇದಕ್ಕೆ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ ಉಪಾಯ ಕಂಡುಕೊಂಡಿತ್ತು. ಅಲ್ಲಿ 1960ರ ದಶಕದಿಂದ ಗೋಲಿಯೇ ಮತ. 2021ರ ಅಧ್ಯಕ್ಷ ಚುನಾವಣೆಯೂ ಗೋಲಿಯಲ್ಲೇ ನಡೆಯಿತು. ಮರೆಯಲ್ಲಿ ಡ್ರಮ್ಮುಗಳು. ಗೋಲಿ ಬಿಟ್ಟರೆ ಒಳಗೆ ಗಂಟೆ 'ಠಣ್' ಅನ್ನಬೇಕು, ಒಂದೇ ಸಲ! ಎರಡು ಸಲ ಅಂದರೆ ಕಳ್ಳಾಟ. ಸೈಕಲ್ ಗಂಟೆಯಿಂದ ಗೊಂದಲವಾದೀತೆಂದು ಅಂದು ಮತಗಟ್ಟೆಯ ಹತ್ತಿರ ಸೈಕಲ್ಲಿಗೂ ನಿಷೇಧ.

ನಮಗೆ ಗೋಲಿಯೂ ಬೇಡ. ಜಾತ್ರೆಯ ಬಯಲಲ್ಲಿ ಬಸ್ಸು ಹತ್ತುವ ಜಾಗದಲ್ಲಿ ಒಂದು ತಡಿಕೆ ಮರೆ, ಒಳಗೆ ಕಿರಿಬಾಯಿಯ ಎರಡು ಗಡಿಗೆ. ಒಂದರ ಮೇಲೆ ನಗುವ ಮುಖ, ಇನ್ನೊಂದರ ಮೇಲೆ ಅಳುವ ಮುಖ. ತಲೆಗೊಂದು ಹುಣಿಸೆಬೀಜ. ಇವತ್ತು ನೀರಿನ ಪ್ರಶ್ನೆ, ನಾಳೆ ಶೌಚಾಲಯದ್ದು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರ ಸಭೆಯಲ್ಲಾದರೆ, ಕಚ್ಚಾ ರೇಷ್ಮೆಯ ಬೆಲೆ ಮೊದಲೋ, ಸೀರೆ ಮಾರಾಟ ಮೊದಲೋ ಎಂದು ಕೇಳಬಹುದು. ಮಕ್ಕಳು ಆಟವೆಂದು ಬಂದಾರು. ಬರಲಿ, ಅವರಿಗೂ ಬಾಯಾರಿಕೆ ಇದೆ.

ಹಾಕುವುದು ಮರೆಯಲ್ಲಿ, ಎಣಿಸುವುದು ಬಯಲಲ್ಲಿ. ಇಷ್ಟು ಪಾಲಿಸಿದರೆ ಸಾಕು. ಎಣಿಸಿದ ಮೇಲೆ ಗಡಿಗೆಯನ್ನು ಗೋಡೌನಿಗೆ ಹಾಕಿ ಬೀಗ ಜಡಿಯಬಾರದು. ಅಳುವ ಗಡಿಗೆ ತುಂಬಿತ್ತು, ಅದಕ್ಕೆ ಮುಂದಿನ ವರ್ಷ ಇಷ್ಟು ನಲ್ಲಿ ಹೆಚ್ಚಿಸಿದೆವು ಎಂದು ಬೋರ್ಡು ಬರೆದು ನಿಲ್ಲಿಸಬೇಕು. ಇಲ್ಲದಿದ್ದರೆ ಮರುವರ್ಷ ಯಾರೂ ಬೀಜ ಮುಟ್ಟರು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿ ತನ್ನ ಮಾತನ್ನು ಬಂಡೆಯ ಮೇಲೆ ಕೊರೆಸಿದ. ಎರಡು ಸಾವಿರ ವರ್ಷ ದಾಟಿದರೂ ಅದು ಉಳಿದಿದೆ. ಕೇಳಿದ ಜನ ಏನಂದರೋ, ಯಾವ ಬಂಡೆಯೂ ಹೇಳುವುದಿಲ್ಲ. ಈಗಲಾದರೂ ಒಂದು ಗಡಿಗೆ ಇಡಬಾರದೇ?